ದೊಡ್ಡ ಬಾಗಿಲು

"ಕಾರು ಇಲ್ಲಿಂದ ಮುಂದಕ್ಕೆ ಹೋಗೋ ಹಾಗಿಲ್ಲ ಅಂದ್ನಲ್ಲ, ಎಷ್ಟು ಸಲ ಹೇಳ್ಬೇಕು?" ಎಂದು ಪೊಲೀಸಿನವನು ಅಡ್ಡಗಂಬದ ಮೇಲೆ ಮೊಣಕೈಯೂರಿ ನಿಂತ.

"ಎಷ್ಟು ಸಲ ಬೇಕಾದ್ರೂ ಹೇಳು. ನಾನು ಹೋಗೋಳೇ," ಎಂದಳು ಕಸಿಲ್ದಾ. "ಒಳಗೆ ಕೂತಿರೋದು ನನ್ನಮ್ಮ. ಎಂಬತ್ತೇಳು ವರ್ಷ. ಎರಡು ಮೊಣಕಾಲೂ ಸವೆದು ಹೋಗಿವೆ. ಆ ಗುಡ್ಡ ಹತ್ತಿಸೋಕೆ ನೀನೇನು ಹೆಗಲ ಮೇಲೆ ಹೊರ್ತೀಯಾ?"

"ಹಬ್ಬದ ದಿನ ಅಮ್ಮಾ ಇವತ್ತು. ಮೇಯರ್ ಬಂದ್ರೂ ನಡ್ಕೊಂಡೇ ಹೋಗ್ಬೇಕು."

"ಮೇಯರ್‌ಗೆ ಮೊಣಕಾಲು ನೆಟ್ಟಗಿದ್ಯಲ್ಲ!"

ಬಿಲ್ಬಾವೊ ನಗರದ ಮಾರುಕಟ್ಟೆಯಲ್ಲಿ ಅರ್ಧ ಆಯುಷ್ಯ ಮೀನು ಮಾರಿದ ಗಂಟಲು ಅದು. ಹಿಂದೆ ಸಾಲುಗಟ್ಟಿ ನಿಂತಿದ್ದ ಕಾರುಗಳವರೆಲ್ಲ ಕಿಟಕಿ ಇಳಿಸಿ ನೋಡಿದರು. ಪೊಲೀಸಿನವನ ಕಿವಿ ಕೆಂಪಾಯಿತು, ಅಡ್ಡಗಂಬ ಮಾತ್ರ ಮೇಲೇಳಲಿಲ್ಲ. ಕಾರಿನೊಳಗೆ ತೊರಿಬಿಯಾ ನೀಲಿ ಕೋಟಿನ ಗುಂಡಿಗಳನ್ನೆಲ್ಲ ಹಾಕಿಕೊಂಡು, ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಜಗಳ ತನ್ನದಲ್ಲವೇನೋ ಎಂಬಂತೆ ಕೂತಿದ್ದಳು. ಅವಳ ಕಣ್ಣಿಗೆ ಪೊರೆ ಬಂದು ದೂರದ್ದೆಲ್ಲ ಹೊಗೆಯಂತೆ ಕಾಣುತ್ತಿತ್ತು. ಗುಡ್ಡದ ಮೇಲಿನ ಪೆನ್ಯಾರ್ದಾ, ಅದರ ಕೋಟೆಗೋಡೆ, ಮೂರು ಚರ್ಚುಗಳ ಮೂರು ಗೋಪುರ, ಎಲ್ಲವೂ ಅವಳಿಗೆ ಒಂದು ಕಂದು ಬಣ್ಣದ ಮಬ್ಬು. ಅರವತ್ತು ವರ್ಷದ ಹತ್ತಿರ ಬಂದಿತ್ತು ಅವಳು ಈ ಊರನ್ನು ಬಿಟ್ಟು. ಒಮ್ಮೆಯೂ ಇತ್ತ ತಲೆ ಹಾಕಿರಲಿಲ್ಲ.

ಆಗಲೇ ಕಸಿಲ್ದಾಳ ಕಣ್ಣು ಕೋಟೆಗೋಡೆಗೆ ನೇತುಹಾಕಿದ್ದ ದೊಡ್ಡ ಬಟ್ಟೆಯ ಮೇಲೆ ಬಿತ್ತು. ಕಪ್ಪು ಬಟ್ಟೆಯ ಒಬ್ಬ ಹೆಂಗಸು, ತುಟಿಗೆ ಢಾಳಾದ ಕೆಂಪು, ಕೈಯಲ್ಲಿ ಮದುವೆಯ ಹೂಗೊಂಚಲು, ಒಂದು ಕಣ್ಣು ಮಿಟುಕಿಸುತ್ತಿದ್ದಳು. ಸುತ್ತಲೂ ಮುಖಕ್ಕೆ ಗೋಣಿ ಹಾಕಿಕೊಂಡ ಗಂಡಸರು, ಕೈಯಲ್ಲಿ ಕುರಿಗಂಟೆ. ಕೆಳಗೆ ದಪ್ಪಕ್ಷರ: ಪೆನ್ಯಾರ್ದಾದ ಗಂಟೆ ಗಲಾಟೆ. ವಿಧವೆಯ ಮದುವೆಗೆ ತಪ್ಪದೆ ಬನ್ನಿ. ಗಂಟೆ ನಮ್ಮದು, ಗದ್ದಲ ನಿಮ್ಮದು.

ಕಸಿಲ್ದಾ ಎರಡು ಸಲ ಓದಿದಳು. ಪೊಲೀಸಿನವನು, ಅಡ್ಡಗಂಬ, ಹಿಂದಿನ ಕಾರುಗಳು, ಎಲ್ಲ ಮರೆತುಹೋಯಿತು. ಕಾಲಿನಿಂದ ಉರಿ ಹತ್ತಿಕೊಂಡು ನೆತ್ತಿಗೆ ಬಂತು.

ಗಂಡ ಸತ್ತವಳು ಎರಡನೆಯ ಮದುವೆಯಾದರೆ ಊರ ಗಂಡಸರು ಅವಳ ಕಿಟಕಿಯ ಕೆಳಗೆ ರಾತ್ರಿಯಿಡೀ ಗಂಟೆ, ಬಾಣಲೆ, ಬಕೆಟ್ಟು ಬಡಿಯುವುದು ಆ ಸೀಮೆಯಲ್ಲೆಲ್ಲ ನಡೆದು ಬಂದದ್ದೇ. ಬಹಳ ಕಡೆ ಅದು ಒಂದು ರಾತ್ರಿಯ ಕೀಟಲೆ. ಮದುಮಗ ಕುಡಿಯಲು ಒಂದಿಷ್ಟು ವೈನ್ ಕೊಟ್ಟ ಅಂದರೆ ಮುಗಿಯಿತು, ಎಲ್ಲರೂ ಹಲ್ಲುಕಿರಿದು ಮನೆಗೆ ಹೋಗುತ್ತಿದ್ದರು. ತೊರಿಬಿಯಾಳದು ಹಾಗೆ ಮುಗಿಯಲಿಲ್ಲ. ಅವಳು ಕಟ್ಟಿಕೊಂಡವನು ರಸ್ತೆಗೆ ಡಾಂಬರು ಹಾಕಲು ಬಂದಿದ್ದ ಪರಊರಿನವನು, ಅವಳಿಗಿಂತ ಚಿಕ್ಕವನು, ಮೊದಲ ಮದುವೆಯವನು. ಊರಿನ ಬ್ರಹ್ಮಚಾರಿಗಳಿಗೆ ಇದು ಸಹಿಸಲಾಗದ ಅವಮಾನ. ವಾರವಿಡೀ ಬಡಿದರು. ಕೊನೆಯ ರಾತ್ರಿ ಬಾಗಿಲಿಗೆ ಸಗಣಿ ಬಳಿದು, ಮದುಮಗನ ಅಣಕಕ್ಕೆಂದು ಕತ್ತೆಯ ಮೇಲೆ ಕೊಂಬಿನ ಹುಲ್ಲುಗೊಂಬೆ ಕೂರಿಸಿ ಬೀದಿ ತುಂಬ ಮೆರೆಸಿದರು. ಏಳು ವರ್ಷದ ಕಸಿಲ್ದಾ ಮಂಚದ ಕೆಳಗೆ ಎರಡು ಕಿವಿಗೂ ಹಳೇ ಕಾಲುಚೀಲ ತುರುಕಿಕೊಂಡು ಮಲಗಿದ್ದಳು. ಅದಾದ ಮಾರನೆಯ ಬೆಳಗ್ಗೆಯೇ ಅವರು ಊರು ಬಿಟ್ಟದ್ದು.

ಈಗ ಅದನ್ನು ಬಟ್ಟೆಯ ಮೇಲೆ ಅಚ್ಚು ಹಾಕಿಸಿ ಊರ ಬಾಗಿಲಿಗೆ ನೇತುಹಾಕಿದ್ದರು.

"ಏನಂತೆ ಅವನದು?" ಎಂದಳು ತೊರಿಬಿಯಾ ಒಳಗಿನಿಂದ.

"ಏನಿಲ್ಲಮ್ಮ. ವಾಪಸ್ ಹೋಗೋಣ. ಇನ್ನೊಂದು ದಿನ ಬರೋಣ."

"ನಂಗೆ ಇನ್ನೊಂದು ದಿನ ಎಲ್ಲಿಟ್ಟಿದ್ದಾರೆ? ರೊಕೆಗೆ ಫೋನ್ ಮಾಡು."

ರೊಕೆ ಅವಳ ತಮ್ಮನ ಮಗ, ಪುರಸಭೆಯ ಸದಸ್ಯ. ಊರಿಗೆ ಬರಬೇಕು ಅಂತ ಹೇಳಿದಾಗ, "ಈ ಶನಿವಾರವೇ ಬನ್ನಿ ಅತ್ತೆ, ಊರಲ್ಲಿ ಹಬ್ಬ ಇದೆ, ಚೆನ್ನಾಗಿರುತ್ತೆ," ಎಂದು ಒತ್ತಾಯ ಮಾಡಿದವನೂ ಅವನೇ. ಯಾವ ಹಬ್ಬ ಎಂದು ಬಾಯಿಬಿಟ್ಟಿರಲಿಲ್ಲ.

ಅವನು ಬ್ಯಾಟರಿಯ ಪುಟ್ಟ ಗಾಡಿಯೊಂದನ್ನು ತಾನೇ ಓಡಿಸಿಕೊಂಡು ಇಳಿದು ಬಂದ. ಐವತ್ತರ ಆಸುಪಾಸು, ಹೊಟ್ಟೆಯ ಮೇಲೆ ಕುರುಬರ ಕುರಿಚರ್ಮದ ಅಂಗಿ, ಕಾಲಿಗೆ ಮಾತ್ರ ಬಿಳೀ ಓಡುವ ಬೂಟು. ಅತ್ತೆಯ ಎರಡು ಕೆನ್ನೆಗೂ ಮುತ್ತಿಟ್ಟು, ಅವಳನ್ನು ಎತ್ತಿ ಕೂರಿಸಿದ. ಕೂರಿಸುವಾಗ ತೋರಿಸಿದ ಪ್ರೀತಿ ಸುಳ್ಳಲ್ಲ ಎಂಬುದು ಕಸಿಲ್ದಾಳಿಗೂ ಕಂಡಿತು. ಅದಕ್ಕೇ ಅವಳಿಗೆ ಇನ್ನಷ್ಟು ರೇಗಿತು.

ಗಾಡಿ ಕೋಟೆಬಾಗಿಲ ಕಮಾನು ದಾಟಿ ಕಲ್ಲುಹಾಸಿನ ಬೀದಿಯಲ್ಲಿ ಗಡಗಡ ಹತ್ತಿತು. ಬೀದಿಯ ಎರಡೂ ಕಡೆ ಜನ. ಎಲ್ಲರ ಕೈಯಲ್ಲೂ ತಗಡಿನ ಪುಟ್ಟ ಗಂಟೆ. ಅಲ್ಲಲ್ಲಿ ಒಬ್ಬೊಬ್ಬರು ಅಭ್ಯಾಸಕ್ಕೆಂದು ಅಲ್ಲಾಡಿಸಿ ನಗುತ್ತಿದ್ದರು. ತೊರಿಬಿಯಾ ಕತ್ತೆತ್ತಿದಳು.

"ಎಂಥ ಸದ್ದದು?"

"ಕುರಿಸಂತೆಯಮ್ಮ," ಎಂದಳು ಕಸಿಲ್ದಾ ಥಟ್ಟನೆ.

"ಕುರಿಯೂ ಇಲ್ಲ, ಮಣ್ಣೂ ಇಲ್ಲ. ತಗಡು ಅದು, ಆಟದ ಸಾಮಾನು." ಸ್ವಲ್ಪ ದೂರ ಸಾಗಿದ ಮೇಲೆ ಅವಳೇ ಮತ್ತೆ ಕೇಳಿದಳು, "ನಮ್ಮನೆ ಬಂತಾ?"

ಬಂದಿತ್ತು. ಕೆಳಗೆ ಹಂದಿತೊಡೆ, ಅಣಬೆ ಬಾಟಲಿ, ಫ್ರಿಜ್ಜಿಗೆ ಅಂಟಿಸುವ ಚರ್ಚಿನ ಗೊಂಬೆ ಮಾರುವ ಅಂಗಡಿ. ಮೇಲಿನ ಕಿಟಕಿಯ ಕಟ್ಟೆಗೆ ಕಪ್ಪು ರಿಬ್ಬನ್ನು, ಪ್ಲಾಸ್ಟಿಕ್ ಗುಲಾಬಿ. ಕೆಳಗೆ ನಿಂತು ಒಂದು ಸಂಸಾರ ಫೋಟೊ ತೆಗೆಸಿಕೊಳ್ಳುತ್ತಿತ್ತು. "ಇನ್ನೂ ಬಂದಿಲ್ಲ," ಎಂದಳು ಕಸಿಲ್ದಾ. ಗಾಡಿ ಮುಂದೆ ಹೋಯಿತು. ತೊರಿಬಿಯಾ ಮನೆಯ ಕಡೆಗಿದ್ದ ಕೆನ್ನೆಯನ್ನು ಕೈಯಿಂದ ಒರೆಸಿಕೊಂಡಳು, ಬೇಸಗೆಯಲ್ಲೂ ಆ ಗೋಡೆಯಿಂದ ಬರುತ್ತಿದ್ದ ತಂಪು ತಾಗಿದವಳ ಹಾಗೆ.

ಅವಳಿಗೆ ಬೇಕಾಗಿದ್ದದ್ದು ಒಂದೇ, ಅದನ್ನು ಬಿಲ್ಬಾವೊದಲ್ಲೇ ಹೇಳಿದ್ದಳು: ದೊಡ್ಡ ಚರ್ಚಿನ ದೊಡ್ಡ ಬಾಗಿಲಲ್ಲಿ ಒಳಗೆ ಹೋಗಬೇಕು. ಮೊದಲ ಮದುವೆಗೆ ಅವಳು ಆ ಬಾಗಿಲಲ್ಲೇ ಹೋಗಿದ್ದಳು. ಕಮಾನಿನ ಮೇಲೆ ಗಡ್ಡದ ಮುದುಕರು ಒಬ್ಬೊಬ್ಬರೂ ಒಂದೊಂದು ವಾದ್ಯ ಹಿಡಿದು ಕೂತಿರುವುದನ್ನು ಯಾವುದೋ ಕಾಲದ ಶಿಲ್ಪಿ ಕೆತ್ತಿಟ್ಟಿದ್ದ. ಎರಡನೆಯದಕ್ಕೆ ಆ ಭಾಗ್ಯ ಇರಲಿಲ್ಲ. ವಿಧವೆಯ ಮದುವೆ ನಸುಕಿನಲ್ಲಿ, ಉತ್ತರದ ಕಿರುಬಾಗಿಲಲ್ಲಿ. ಚರ್ಚಿನ ಗಂಟೆಯಿಲ್ಲ, ಆರ್ಗನ್ನಿಲ್ಲ. ಪಾದ್ರಿ ಆಕಳಿಸುತ್ತಲೇ ಮಂತ್ರ ಮುಗಿಸಿದ್ದರು. ಕಳ್ಳತನಕ್ಕೆ ಹೋದವರ ಹಾಗೆ ಹೋಗಿ, ಹಾಗೇ ಹೊರಗೆ ಬಂದಿದ್ದರು ಅವಳೂ ಸೆವೆರಿನೊನೂ.

ಸೆವೆರಿನೊ ಆಮೇಲೆ ಬಿಲ್ಬಾವೊದ ಉಕ್ಕಿನ ಕುಲುಮೆಯಲ್ಲಿ ದುಡಿದ. ಕಸಿಲ್ದಾಳನ್ನು ತನಗೇ ಹುಟ್ಟಿದವಳಿಗಿಂತ ಹೆಚ್ಚಾಗಿ ಸಾಕಿದ. ಒಂದೇ ಒಂದು ಸಲವೂ ಆ ರಾತ್ರಿಗಳ ಮಾತೆತ್ತಲಿಲ್ಲ. ಕುಡಿದ ದಿನ ಮಾತ್ರ, "ತೊರಿಬಿಯಾ, ಒಂದ್ಸಲ ಹೋಗಿ ಆ ದೊಡ್ಡ ಬಾಗಿಲಲ್ಲಿ ಎದೆಯುಬ್ಬಿಸಿ ಒಳಗೆ ಹೋಗ್ಬೇಕು ಕಣೇ ನಾವು," ಎನ್ನುತ್ತಿದ್ದ. ಹೋಗಲಿಲ್ಲ. ಹೋದ ಚಳಿಗಾಲದಲ್ಲಿ ತೀರಿಕೊಂಡ.

ಚರ್ಚಿನ ಮುಂದೆ ಗಾಡಿ ನಿಂತಿತು. ದೊಡ್ಡ ಬಾಗಿಲು ಮುಚ್ಚಿತ್ತು. ಮುಂದೆ ಕಬ್ಬಿಣದ ಬೇಲಿ, ಬೇಲಿಯ ಮೇಲೆ ಬಾಣದ ಗುರುತು: ಪ್ರವಾಸಿಗಳು ಉತ್ತರದ ಬಾಗಿಲಿನಿಂದ ಬನ್ನಿ. ಟಿಕೆಟ್ ಕೊಡುವ ಮೇಜೂ ಅಲ್ಲೇ ಇತ್ತು.

"ಬನ್ನಿ ಅತ್ತೆ, ನಿಮಗೆಂಥ ಟಿಕೆಟ್ಟು," ಎಂದು ರೊಕೆ ಅವಳ ತೋಳು ಹಿಡಿದು ಆ ಕಡೆ ತಿರುಗಿಸಿದ.

ತೊರಿಬಿಯಾ ಕೋಲೂರಿ ನಿಂತುಬಿಟ್ಟಳು. "ಎಲ್ಲಿಗೆ ಕರ್ಕೊಂಡು ಹೋಗ್ತಿದೀಯ?"

"ಒಳಗೆ ಹೋಗೋಕೆ."

"ಇದು ಉತ್ತರದ ಕಡೆ. ಬಿಸಿಲು ಬೆನ್ನಿಗೆ ಬೀಳ್ತಿದೆ. ಈ ಬಾಗಿಲಲ್ಲಿ ನಾನು ಒಂದ್ಸಲ ಹೋಗಿದೀನಿ, ಸಾಕು. ದೊಡ್ಡದನ್ನ ತೆಗೆಸು."

ರೊಕೆ ತಲೆ ಕೆರೆದುಕೊಂಡ. ದೊಡ್ಡ ಬಾಗಿಲು ಮಧ್ಯಾಹ್ನ ಮಾತ್ರ, ಅದೂ ಆಟಕ್ಕೆ ಮಾತ್ರ ತೆಗೆಯುತ್ತಾರಂತೆ. ವಿಧವೆಯ ವೇಷದವಳು ಮೆಟ್ಟಿಲು ಹತ್ತುವಾಗ ಜನ ಗಂಟೆ ಬಾರಿಸಬೇಕು, ಅವಳು ಒಳಗೆ ಹೋದ ಮೇಲೆ ಮುಚ್ಚಬೇಕು. ಹಳೆಯ ಮರ, ತುಕ್ಕು ಹಿಡಿದ ತಿರುಗಣಿ, ಪಾದ್ರಿಯ ಕಟ್ಟಪ್ಪಣೆ.

ಕಸಿಲ್ದಾ ಅವನ ಕುರಿಚರ್ಮದ ಅಂಗಿ ಹಿಡಿದು ಗೋಡೆಯ ಮರೆಗೆ ಎಳೆದಳು.

"ಏನೋ ಇದು? ಆ ಕೆಂಪು ತುಟಿಯ ಬೊಂಬೆ ಯಾರೋ? ಅಲ್ಲಿ ಕಿಟಕಿಗೆ ಗುಲಾಬಿ ಕಟ್ಟಿದೀಯಲ್ಲ, ಅದು ಯಾರ ಕಿಟಕಿ ಅಂತ ಗೊತ್ತಾ ನಿಂಗೆ?"

"ಮೆಲ್ಲಗೆ ಮಾತಾಡು ಕಸಿಲ್ದಾ, ಅದೊಂದು ತಮಾಷೆ."

"ತಮಾಷೆ! ನನ್ನಮ್ಮ ಒಂದು ವಾರ ಆ ಕಿಟಕಿ ಹಿಂದೆ ಗೋಡೆಗೆ ಬೆನ್ನು ಕೊಟ್ಟು ಕೂತಿದ್ಳು ಕಣೋ. ನಾನು ಉಚ್ಚೆ ಹುಯ್ಕೊಂಡಿದ್ದೆ. ತಮಾಷೆ ಅಂತೆ!"

"ನಂಗೆ ಏನೂ ಗೊತ್ತಿಲ್ಲ ಅಂದ್ಕೊಂಡ್ಯಾ?" ರೊಕೆಯ ದನಿಯೂ ಏರಿತು. "ಗೊತ್ತಿದ್ದೇ ಮಾಡಿದ್ದು. ಶಾಲೆ ಮುಚ್ಚಿದೆ. ರೊಟ್ಟಿ ಅಂಗಡಿ ಮುಚ್ಚಿದೆ. ಚಳಿಗಾಲದಲ್ಲಿ ಬಂದು ನೋಡು, ಒಂದು ಬೀದೀಲಿ ಒಂದು ಒಲೆ ಉರೀತಿದ್ರೆ ಹೆಚ್ಚು. ಹಳೇ ಚರ್ಚು ಅಂತ ಬಂದು ನೋಡೋಕೆ ಈ ಸೀಮೇಲಿ ಪ್ರತಿ ಗುಡ್ಡದ ಮೇಲೂ ಒಂದೊಂದಿದೆ. ನಮ್ಮಲ್ಲಿ ಮಾತ್ರ ಇರೋದು ಏನು? ಹುಡುಕಿದೆ. ಇದು ಸಿಕ್ತು. ಹೋದ ವರ್ಷ ಊಟದ ಮನೆಯವರು ಅಡುಗೆ ಸಾಲದೆ ಬಾಗಿಲು ಹಾಕ್ಬೇಕಾಯ್ತು. ಈ ಊರು ಸಾಯ್ಬೇಕಾ ಹಾಗಾದ್ರೆ?"

"ಸಾಯ್ಲಿ ಬಿಡು! ನನ್ನಮ್ಮನ ಮಾನ ತಿಂದು ಬದುಕೋ ಊರು ಇದ್ರೆಷ್ಟು ಹೋದ್ರೆಷ್ಟು? ನಿಮ್ಮಪ್ಪ ಒಪ್ಪಿದ್ನಾ ಇದಕ್ಕೆ? ಎಲಾದಿಯೊ ಮಾವ? ಊರೆಲ್ಲ ಮುಖ ತಿರುಗಿಸಿದಾಗ ಗಾಡಿ ಕಟ್ಕೊಂಡು ಬಂದು ನಮ್ಮ ಸಾಮಾನು ಬಸ್ಸಿನ ತನಕ ಹೊತ್ತೋನು ಅವನೊಬ್ಬನೇ. ಅವನಿಗೂ ಇದು ತಮಾಷೆಯಾ?"

ರೊಕೆ ಮುಖ ಬೇರೆ ಕಡೆ ತಿರುಗಿಸಿದ. "ಅಪ್ಪನಿಗೆ ಈಗ ಎಲ್ಲಾ ಅರ್ಥ ಆಗಲ್ಲ. ಮುಂದಿನ ಸಾಲಲ್ಲಿ ಕುರ್ಚಿ ಹಾಕ್ಸಿದೀನಿ, ಕೂತಿದಾನೆ."

ಎಲಾದಿಯೊ ಮಾವನ ನೆನಪಿನಿಂದ ಕಸಿಲ್ದಾಳ ಕೋಪ ಒಂದು ಗಳಿಗೆ ಇಳಿಯಿತು. ಪ್ರತಿ ಕ್ರಿಸ್‌ಮಸ್ಸಿಗೂ ಅವನಿಂದ ಕುರಿಹಾಲಿನ ಚೀಸಿನ ಒಂದು ದೊಡ್ಡ ಬಿಲ್ಲೆ ಬಿಲ್ಬಾವೊಗೆ ಬರುತ್ತಿತ್ತು. ಅಮ್ಮನ ಹೊಟ್ಟೆಗೆ ಅದು ಆಗದು, ಮೇಲಿನ ಮನೆಯವರಿಗೆ ಕೊಟ್ಟುಬಿಡುತ್ತಿದ್ದಳು. ಆದರೂ ಊರಲ್ಲಿ ತಮ್ಮನ್ನು ನೆನೆಯುವ ಒಂದು ಜೀವ ಇದೆ ಎಂದು ಕಸಿಲ್ದಾ ಆ ಬಿಲ್ಲೆಯನ್ನು ಮುಟ್ಟಿ ನೋಡುತ್ತಿದ್ದಳು.

ಇಬ್ಬರೂ ಗೋಡೆಯ ಮರೆಯಿಂದ ಹೊರಗೆ ಬಂದಾಗ ತೊರಿಬಿಯಾ ಅಲ್ಲೇ ನಿಂತಿದ್ದಳು. "ಮುಗೀತಾ ನಿಮ್ಮ ಕಚ್ಚಾಟ? ನನ್ನ ಕಣ್ಣು ಹೋಗಿದೆ, ಕಿವಿ ಹೋಗಿಲ್ಲ." ಆಮೇಲೆ ಸೋದರಳಿಯನ ಕಡೆ ತಿರುಗಿದಳು. "ಆ ಬಾಗಿಲು ಮಧ್ಯಾಹ್ನ ತೆಗೀತಾರೆ ಅಂದ್ಯಲ್ಲ."

"ತೆಗೀತಾರೆ ಅತ್ತೆ, ಆದ್ರೆ..."

"ವಿಧವೆ ಹೋಗೋಕೆ ಅಂದ್ಯಲ್ಲ."

"ಹೂಂ."

"ನಾನು ಯಾರು ಮತ್ತೆ? ಒಂದಲ್ಲ, ಎರಡು ಸಲದ ವಿಧವೆ. ವೇಷದವಳು ನನ್ನ ಹಿಂದೆ ಬರ್ಲಿ."

ರೊಕೆಯ ಮುಖ ಅರಳಿದ್ದನ್ನು ಕಂಡು ಕಸಿಲ್ದಾಳಿಗೆ ಅವನ ಕೆನ್ನೆಗೆ ಎರಡು ಬಿಗಿಯಬೇಕೆನಿಸಿತು. "ಅಮ್ಮ, ನಿಂಗೆ ತಲೆ ಕೆಟ್ಟಿದ್ಯಾ? ಆ ಜನ ಗಂಟೆ ಬಡೀತಾರೆ. ನಿನ್ನ ಮೇಲೆ, ಮತ್ತೆ!"

"ಬಡೀಲಿ. ಆಗ ಕಿಟಕಿ ಹಿಂದೆ ಕೂತು ಕೇಳಿದ್ದೆ. ಈಗ ನಡ್ಕೊಂಡು ಹೋಗ್ತಾ ಕೇಳ್ತೀನಿ. ಸೆವೆರಿನೊಗೆ ಮಾತು ಕೊಟ್ಟಿದೀನಿ."

"ಹೆಸರು ಹೇಳ್ಬಾರ್ದು," ಎಂದು ಕಸಿಲ್ದಾ ರೊಕೆಯ ಮೂಗಿನ ತನಕ ಬೆರಳು ತಂದಳು. "ಮೈಕಲ್ಲಿ ಅಮ್ಮನ ಹೆಸರು ಬಂತೋ, ನಿನ್ನ ಈ ಹಬ್ಬಾನ ಇಲ್ಲೇ ಸಮಾಧಿ ಮಾಡ್ತೀನಿ."

"ಹೇಳಲ್ಲ. ಆಣೆಗೂ ಹೇಳಲ್ಲ."

ಮಧ್ಯಾಹ್ನದ ಹೊತ್ತಿಗೆ ಚೌಕದಲ್ಲಿ ಕಾಲಿಡಲು ಜಾಗವಿರಲಿಲ್ಲ. ಬಸ್ಸುಗಳಲ್ಲಿ ಬಂದವರು, ಮಕ್ಕಳನ್ನು ಹೆಗಲೇರಿಸಿಕೊಂಡವರು, ಮುಖಕ್ಕೆ ಕಾಗದದ ಗೋಣಿ ಹಾಕಿಕೊಂಡು ಕಣ್ಣಿನ ತೂತಿನಿಂದ ಕಿಸಕ್ಕೆನ್ನುವ ಹೆಂಗಸರು. ಮೆಟ್ಟಿಲ ಕೆಳಗೆ ವೇಷದ ವಿಧವೆ, ಪಕ್ಕದ ಪಟ್ಟಣದ ನಾಟಕದವಳು, ಹೂಗೊಂಚಲು ಹಿಡಿದು ಸರದಿ ಕಾಯುತ್ತಿದ್ದಳು. ಮುಂದಿನ ಸಾಲಿನ ಕುರ್ಚಿಯಲ್ಲಿ ಎಲಾದಿಯೊ ಕೂತಿದ್ದ. ಬಿಸಿಲಿನಲ್ಲೂ ಮೊಣಕಾಲಿಗೆ ಕಂಬಳಿ, ತಲೆಗೆ ಕರೀ ಟೋಪಿ. ಕಸಿಲ್ದಾ ಬಗ್ಗಿ ಅವನ ಹಣೆಗೆ ಮುತ್ತಿಟ್ಟಳು. ಅವನು ಅವಳನ್ನು ನೋಡಲಿಲ್ಲ. ಅವಳ ಹೆಗಲಾಚೆ ನೀಲಿ ಕೋಟಿನ ಮುದುಕಿಯನ್ನು ನೋಡುತ್ತಿದ್ದ. ಅಕ್ಕ ಅವನನ್ನು ಮಾತಾಡಿಸಲಿಲ್ಲ. ಕಣ್ಣು ಕಾಣದ್ದಕ್ಕೆ ಎಂದುಕೊಂಡಳು ಕಸಿಲ್ದಾ.

ಇಬ್ಬರು ಆಳುಗಳು ಒಳಗಿನಿಂದ ಅಗುಳಿ ಸರಿಸಿದರು. ದೊಡ್ಡ ಬಾಗಿಲಿನ ಎರಡು ರೆಕ್ಕೆಗಳೂ ನರಳುತ್ತ ತೆರೆದವು. ಒಳಗಿನ ಕತ್ತಲಿನಿಂದ ಮೇಣದ, ಹಳೇ ಕಲ್ಲಿನ ವಾಸನೆ ಹೊರಗೆ ಬಂತು. ತೊರಿಬಿಯಾ ಅದನ್ನು ಮೂಗಿನ ತುಂಬ ಎಳೆದುಕೊಂಡು ಮಗಳ ಮೊಣಕೈ ಹಿಡಿದಳು. ಮೊದಲ ಮೆಟ್ಟಿಲು ಹತ್ತಿದಳು.

"ಮಹನೀಯರೇ, ಮಹಿಳೆಯರೇ!" ಎಂದು ರೊಕೆ ಮೈಕಿನಲ್ಲಿ ಕೂಗಿದ. ಜನ ಕಂಡ ಕೂಡಲೇ ಅವನೊಳಗೆ ಏನೋ ಹೊಕ್ಕಿತ್ತು, ಆಣೆ ಗೀಣೆ ಎಲ್ಲ ಗಾಳಿಗೆ. "ಈ ವರ್ಷ ವೇಷವಲ್ಲ, ನಿಜ! ಪೆನ್ಯಾರ್ದಾ ಕಟ್ಟಕಡೆಗೆ ಗಂಟೆ ಬಾರಿಸಿದ್ದು ಯಾರಿಗೆ ಗೊತ್ತಾ? ಇಗೋ ಇಲ್ಲಿದಾರೆ! ನನ್ನ ಸ್ವಂತ ಅತ್ತೆ, ತೊರಿಬಿಯಾ!"

ಚೌಕಕ್ಕೆ ಚೌಕವೇ ಗಂಟೆಯೆತ್ತಿತು. ಸಾವಿರ ತಗಡು ಒಟ್ಟಿಗೆ ಬಡಿದುಕೊಂಡ ಸದ್ದಿಗೆ ಗೋಪುರದ ಪಾರಿವಾಳಗಳೆಲ್ಲ ಎದ್ದು ಹೋದವು. ಕಸಿಲ್ದಾಳ ಕಿವಿಯಲ್ಲಿ ಏಳು ವರ್ಷದವಳ ರಕ್ತ ಗುಂಯ್‌ಗುಟ್ಟಿತು. ಅವಳು ತಿರುಗಿ ನಿಂತು ಎರಡೂ ಕೈ ಮೇಲೆತ್ತಿದಳು.

"ನಿಲ್ಲಿಸ್ರೋ! ನಿಲ್ಲಿಸಿ! ನಾಚಿಕೆಯಾಗಲ್ವಾ ನಿಮ್ಗೆ? ನಿಮ್ಮಮ್ಮನ ಮನೆ ಮುಂದೆ ಹೋಗಿ ಬಡೀರಿ! ಇವಳೇನು ಮಾಡಿದ್ಳು ನಿಮ್ಗೆ? ಒಬ್ಬ ಒಳ್ಳೇ ಗಂಡಸನ್ನ ಕಟ್ಕೊಂಡ್ಳು, ಅಷ್ಟೇ ತಾನೇ! ಬೋಸುಡಿ ಮಕ್ಳಾ, ನಿಲ್ಲಿಸಿ!"

ಮೀನುಪೇಟೆಯ ಗಂಟಲು ಚೌಕದ ಕೊನೆಯ ತನಕ ಮುಟ್ಟಿತು. ಗಂಟೆಗಳು ನಿಂತವು. ಆಮೇಲೆ ಚಪ್ಪಾಳೆ ಬಿತ್ತು. "ಭಲೇ!" ಎಂದರು ಯಾರೋ. "ಮಗಳ ಪಾತ್ರದವಳು ಎಷ್ಟು ಚೆನ್ನಾಗಿ ಮಾಡ್ತಾಳೆ ನೋಡು," ಎಂದು ಗೋಣಿಮುಖದ ಒಬ್ಬಳು ಪಕ್ಕದವಳಿಗೆ ಹೇಳಿದ್ದು ಕಸಿಲ್ದಾಳಿಗೆ ಸ್ಪಷ್ಟವಾಗಿ ಕೇಳಿಸಿತು. ಗಂಟೆಗಳು ಮೊದಲಿಗಿಂತ ಜೋರಾದವು. ಅವಳಿಗೆ ಕೈಗೆ ಸಿಕ್ಕಿದ್ದನ್ನು ಎಸೆಯಬೇಕೆನಿಸಿತು, ಕೈಗೆ ಏನೂ ಸಿಗಲಿಲ್ಲ. ಬೈದರೂ ಆಟ, ಅತ್ತರೂ ಆಟ. ಇಂಥ ಜನರ ಎದುರು ಸಿಟ್ಟು ಬಂದರೂ ದಂಡ ಎಂದು ಅವಳು ಎತ್ತಿದ ಕೈ ಇಳಿಸಿದಳು.

ರೊಕೆ ಉತ್ಸಾಹದಲ್ಲಿ ಮೈಕು ಬಿಟ್ಟು ಸೊಂಟದ ಪಟ್ಟಿಯಿಂದ ಒಂದು ಹಳೇ ಗಂಟೆ ಬಿಚ್ಚಿಕೊಂಡ. ಅಂಗೈಯಗಲದ ಕಬ್ಬಿಣದ ಗಂಟೆ, ಮೇಲೆ ಸವೆದ ಚರ್ಮದ ಪಟ್ಟಿ. ಅತ್ತೆಯ ಪಕ್ಕಕ್ಕೆ ಬಂದು, ತಾಳಕ್ಕೆ ಸರಿಯಾಗಿ ಬಾರಿಸುತ್ತ ಮೆಟ್ಟಿಲು ಹತ್ತಿದ. ತಗಡಿನ ಚಿಲಿಪಿಲಿಯ ನಡುವೆ ಅದೊಂದೇ ಗಂಭೀರವಾಗಿ, ಕೊನೆಯಲ್ಲಿ ಸ್ವಲ್ಪ ಗೊಗ್ಗರಾಗಿ ನುಡಿಯಿತು.

ತೊರಿಬಿಯಾ ನಿಂತಳು.

"ರೊಕೆ, ಆ ಗಂಟೆ ಕೊಡಿಲ್ಲಿ."

ಅವನು ನಗುತ್ತಲೇ ಕೊಟ್ಟ. ನೂರು ಫೋನುಗಳು ಮೇಲೆದ್ದವು. ಅವಳು ಗಂಟೆಯನ್ನು ಕಿವಿಯ ಹತ್ತಿರ ಹಿಡಿದು ಒಮ್ಮೆ ಅಲ್ಲಾಡಿಸಿದಳು. ಬೆರಳಿನಿಂದ ಅಂಚು ಸವರಿದಳು. ಒಂದು ಕಡೆ ಸೀಳಿತ್ತು.

"ಇದು ಎಲಾದಿಯೊನ ಮುಂದಾಳು ಟಗರಿಂದು," ಎಂದಳು ಮಗಳಿಗೆ. "ಬಂಡೆಗೆ ಬಡಿದು ಸೀಳಿದ್ದು. ಮದುವೆಗೆ ಮುಂಚೆ ನಾನೇ ಆ ಹಿಂಡು ಕಾಯ್ತಿದ್ದೆ."

"ಆಯ್ತಮ್ಮ, ನಡಿ ಒಳಗೆ."

"ಆ ರಾತ್ರಿಗಳಲ್ಲಿ ಇದೂ ಇತ್ತು."

"ಯಾವ ರಾತ್ರಿ?"

"ನೀನು ಮಂಚದ ಕೆಳಗಿದ್ದ ರಾತ್ರಿ." ತೊರಿಬಿಯಾ ದನಿಯೆತ್ತಲಿಲ್ಲ. "ಮುಖಕ್ಕೆ ಗೋಣಿ ಹಾಕ್ಕೊಂಡು ಬಂದ್ರು, ಯಾರು ಅಂತ ಗೊತ್ತಾಗ್ಬಾರ್ದು ಅಂತ. ಗಂಟೆ ಮಾತ್ರ ಅವರವರ ಕುರಿ ಕೊರಳಿಂದ ಬಿಚ್ಕೊಂಡು ಬಂದ್ರು, ಪೆದ್ದುಗಳು. ಕತ್ತಲಲ್ಲಿ ಯಾರ ಹಿಂಡು ಯಾವ ಗುಡ್ಡದ ಮೇಲಿದೆ ಅಂತ ಸದ್ದಿನ ಮೇಲೇ ಹೇಳ್ತಿದ್ದೋಳು ನಾನು. ಒಬ್ಬೊಬ್ರ ಹೆಸರೂ ಹೇಳ್ದೆ ಸೆವೆರಿನೊಗೆ, ಗೋಡೆಗೆ ಒರಗಿ ಕೂತ್ಕೊಂಡು. ಇದೊಂದನ್ನ ಹೇಳ್ಲಿಲ್ಲ."

ಕಸಿಲ್ದಾಳಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಆಮೇಲೆ ಎಲ್ಲ ಒಟ್ಟಿಗೆ ಅರ್ಥವಾಯಿತು: ಅಮ್ಮನ ಹೊಟ್ಟೆಗೆ ಆಗದ ಚೀಸು, ಮೇಲಿನ ಮನೆಯವರಿಗೆ ಕೊಟ್ಟ ಅಷ್ಟೂ ಬಿಲ್ಲೆಗಳು, ಅವನಿಗೆ ಅಮ್ಮ ಎಂದೂ ಬರೆಯದ ಉತ್ತರಗಳು. ಅವಳು ಮೆಟ್ಟಿಲು ಇಳಿದು ಮುಂದಿನ ಸಾಲಿನ ಕುರ್ಚಿಯ ಎದುರು ಹೋಗಿ ನಿಂತಳು.

"ಹೌದಾ ಮಾವ?"

ಎಲಾದಿಯೊ ಕಂಬಳಿಯನ್ನು ಹಿಂಡುತ್ತಿದ್ದ.

"ಬಾಯಿಬಿಡು! ಮಾರನೇ ಬೆಳಿಗ್ಗೆ ಗಾಡಿ ತಂದ್ಯಲ್ಲ, ನನ್ನನ್ನ ಎತ್ತಿ ಮೇಲೆ ಕೂರಿಸಿದ್ಯಲ್ಲ, ಅಳ್ಬೇಡ ಪುಟ್ಟೀ ಅಂದ್ಯಲ್ಲ! ಅದೇ ಕೈಯಲ್ಲಿ ರಾತ್ರಿ ಇದನ್ನ ಬಡಿದಿದ್ಯಾ? ಅರವತ್ತು ವರ್ಷ ನಿನ್ನನ್ನ ನಾನು ದೇವರು ಅಂದ್ಕೊಂಡಿದ್ದೆ ಕಣೋ ಮುದುಕಾ!"

"ಹೋಗ್ದೇ ಇದ್ದಿದ್ರೆ ನನ್ಮನೆ ಮುಂದೆ ಬರ್ತಿದ್ರು," ಎಂದ ಎಲಾದಿಯೊ. ತುಂಬ ಮೆಲ್ಲಗೆ, ಮಗು ತಪ್ಪೊಪ್ಪಿಕೊಳ್ಳುವ ಹಾಗೆ. "ಎಲ್ರೂ ನೋಡ್ತಿದ್ರು, ಅವಳ ತಮ್ಮ ಬರ್ತಾನಾ ಇಲ್ವಾ ಅಂತ. ನಂಗೆ ಇಪ್ಪತ್ತು ವರ್ಷ."

"ನನಗೆ ಏಳು!"

ರೊಕೆ ಬಂದು ಅವಳ ತೋಳು ಹಿಡಿದ. ಅವನ ಮುಖದಲ್ಲಿ ಈಗ ಬಣ್ಣವಿರಲಿಲ್ಲ. "ನಂಗೆ ಗೊತ್ತಿರ್ಲಿಲ್ಲ ಕಸಿಲ್ದಾ. ಆಣೆಗೂ." ಅವಳು ಕೈ ಕೊಡವಿದ ರಭಸಕ್ಕೆ ಅವನು ವೇಷದ ವಿಧವೆಯ ಮೇಲೆ ಹೋಗಿ ಬಿದ್ದ. ಜನ ಹೋ ಎಂದು ನಕ್ಕರು. ಹಿಂದಿನವರು ಇನ್ನೂ ಬಾರಿಸುತ್ತಲೇ ಇದ್ದರು, ಮುಂದಿನ ಸಾಲಿನವರಲ್ಲಿ ಮಾತ್ರ ಕೆಲವರು ಕೈ ಇಳಿಸಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ತೊರಿಬಿಯಾ ಕೋಲೂರಿಕೊಂಡು, ಹತ್ತಿದ್ದ ಮೆಟ್ಟಿಲುಗಳನ್ನು ಒಂದೊಂದಾಗಿ ಇಳಿದಳು. ಕೊನೆಯ ಮೆಟ್ಟಿಲ ಬದಿಯಲ್ಲಿ ಕಷ್ಟಪಟ್ಟು ಬಗ್ಗಿ, ಕಲ್ಲಿನ ಸಂದಿಯಲ್ಲಿ ಒಣಗಿ ನಿಂತಿದ್ದ ಹುಲ್ಲನ್ನು ಒಂದು ಹಿಡಿ ಕಿತ್ತಳು. ಬೇರೆಯವರ ಹೊಲದ ಬದಿಯಲ್ಲಿ ಹಿಂಡು ದಾಟಿಸುವಾಗ ಕುರುಬರು ಮಾಡುವ ಹಾಗೆ, ಹುಲ್ಲನ್ನು ಮುರಿದು ಮಡಿಚಿ ಗಂಟೆಯೊಳಗೆ, ನಾಲಿಗೆಯ ಸುತ್ತ ಬಿಗಿಯಾಗಿ ತುರುಕಿದಳು. ಅಲ್ಲಾಡಿಸಿ ನೋಡಿದಳು. ಸದ್ದು ಬರಲಿಲ್ಲ. ದನಿಯ ಜಾಡು ಹಿಡಿದು ತಮ್ಮನ ಕುರ್ಚಿಯ ಹತ್ತಿರ ಬಂದು ಅದನ್ನು ಅವನ ಕಂಬಳಿಯ ಮೇಲಿಟ್ಟಳು.

"ರಾತ್ರಿ ನೀನು ಬಂದೆ. ಬೆಳಿಗ್ಗೇನೂ ಬಂದೆ," ಎಂದಳು. "ಎರಡರಲ್ಲಿ ಒಂದ್ಸಲ ನೀನು ಮನೇಲಿರ್ಬೇಕಿತ್ತು ಎಲಾದಿಯೊ. ಯಾವುದಾದ್ರೂ ಒಂದ್ಸಲ. ನಿನ್ನನ್ನ ಪೂರ್ತಿ ಬಿಟ್ಟುಬಿಡೋಕಾದ್ರೂ ಆಗ್ತಿತ್ತು ನಂಗೆ."

ಅವನು ಗಂಟೆಯ ಮೇಲೆ ಎರಡೂ ಕೈಯಿಟ್ಟು ಮುಚ್ಚಿಕೊಂಡ. "ಅಕ್ಕಾ," ಎಂದ. ಅವಳು ಆಗಲೇ ತಿರುಗಿದ್ದಳು.

ಕಸಿಲ್ದಾ ಕಣ್ಣು ಒರೆಸಿಕೊಂಡು ಓಡಿಬಂದು ಅಮ್ಮನ ಮೊಣಕೈ ಹಿಡಿಯಲು ಹೋದಳು. "ಸಾಕಮ್ಮ, ಮನೆಗೆ ಹೋಗೋಣ ನಡಿ. ಈ ದರಿದ್ರ ಊರಲ್ಲಿ ಇನ್ನೊಂದು ಗಳಿಗೆ ಇರೋದು ಬೇಡ."

"ಬಾಗಿಲು ತೆರೆದಿದ್ಯಾ ಇನ್ನೂ?"

"ತೆರೆದಿದೆ."

"ಎರಡೂ ರೆಕ್ಕೆ?"

"ಎರಡೂ."

ತೊರಿಬಿಯಾ ಮಗಳ ಕೈಯನ್ನು ಮೊಣಕೈಯಿಂದ ಬಿಡಿಸಿದಳು. ಕೋಲನ್ನೂ ಅವಳಿಗೇ ಕೊಟ್ಟಳು. ಕೋಟಿನ ಮುಂಭಾಗವನ್ನು ಕೆಳಗೆಳೆದು ಸರಿಮಾಡಿಕೊಂಡು, ಮೆಟ್ಟಿಲ ಮೇಲೆ ಒಂದು ಕಾಲಿಟ್ಟು, ಇನ್ನೊಂದನ್ನು ಅದರ ಪಕ್ಕಕ್ಕೆ ತಂದು, ಹಾಗೇ ಹತ್ತತೊಡಗಿದಳು. ಹಿಂದೆ ತಗಡಿನ ಗಂಟೆಗಳು ಮತ್ತೆ ಶುರುವಾದವು. ಅವಳು ತಿರುಗಲಿಲ್ಲ. ಮೇಲೆ ಕಮಾನಿನ ತುಂಬ ಕಲ್ಲಿನ ಮುದುಕರು ವಾದ್ಯಗಳನ್ನು ಎದೆಗವಚಿಕೊಂಡು ಕೂತಿದ್ದರು. ಅವಳಿಗೆ ಕಾಣುವಂತಿರಲಿಲ್ಲ, ಆದರೂ ಅವರ ಕೆಳಗೆ ಬಂದಾಗ ಒಮ್ಮೆ ಕತ್ತೆತ್ತಿದಳು.

ಹೊಸಿಲ ಹತ್ತಿರ ಅವಳು ನಡುವಿನಿಂದ ಸ್ವಲ್ಪ ಎಡಕ್ಕೆ ಸರಿದಳು. ಬಲಗಡೆ ಇನ್ನೊಬ್ಬರು ಜೊತೆಗೆ ನಡೆಯುವಷ್ಟು ಜಾಗ ಬಿಟ್ಟು, ಬಲಗೈಯನ್ನು ಮೊಣಕೈಯಲ್ಲಿ ಮಡಿಸಿ, ಒಳಗೆ ಹೋದಳು. ಕೋಲು ಹಿಡಿದಿದ್ದ ಕಸಿಲ್ದಾ ಆ ಜಾಗಕ್ಕೆ ಕಾಲಿಡದೆ ಹಿಂದೆ ನಡೆದಳು.